ಹೊಲ ಮಾರುವ ಮುಂಚೆ ಓದಿ: ಕ್ಯಾನ್ಸರ್‌ನ ಜೀನ್ ಚಿಕಿತ್ಸೆ ಯಾರಿಗೆ, ಯಾರ ರೊಕ್ಕದಲ್ಲಿ?

ನಮ್ಮ ಕಡೆ ಒಬ್ಬರಿಗೆ ಕ್ಯಾನ್ಸರ್ ಅಂತ ಗೊತ್ತಾದ ದಿನದಿಂದ ಆ ಮನೆಗೆ ಎರಡು ತರಹದ ಮಾತು ಬರತೊಡಗುತ್ತವೆ. "ಇನ್ನೇನ್ ಐತ್ರಿ, ದೇವರ ಮ್ಯಾಲ ಭಾರ ಹಾಕ್ರಿ" ಅನ್ನುವುದು ಒಂದು. "ಬೆಂಗಳೂರಾಗ ಹೊಸಾದೊಂದು ಔಷಧ ಬಂದೈತಂತ, ಕ್ಯಾನ್ಸರ್ ಅಷ್ಟ ಹುಡುಕಿ ಕೊಲ್ಲತೈತಂತ, ಒಂದ ಸಲ ಕೊಟ್ರ ಮುಗೀತಂತ" ಅನ್ನುವುದು ಇನ್ನೊಂದು.

ಮೊದಲ ಮಾತು ಕೇಳಿದವರು ದವಾಖಾನೆಗೆ ಹೋಗುವುದನ್ನೇ ಬಿಡುತ್ತಾರೆ. ಎರಡನೇ ಮಾತು ಕೇಳಿದವರು ಉತಾರ ಹಿಡಿದುಕೊಂಡು ಹೊಲಕ್ಕೆ ಗಿರಾಕಿ ಹುಡುಕುತ್ತಾರೆ. ಎರಡೂ ಕಡೆ ಹಾನಿ ಒಂದೇ ಮನೆಗೆ.

ಈ ಹೊಸ ಚಿಕಿತ್ಸೆ ಸುಳ್ಳಲ್ಲ. ಆದರೆ ಎಲ್ಲ ಕ್ಯಾನ್ಸರ್‌ಗೂ ಅಲ್ಲ. ಯಾರಿಗೆ ಅದು ನಿಜವಾಗಿ ಬೇಕೋ ಅವರ ಹೊಲದ ಮೇಲೆ ಅದರ ಖರ್ಚು ಬೀಳಬಾರದು. ಈ ಮೂರು ಮಾತನ್ನು ಒಂದೊಂದಾಗಿ ಬಿಡಿಸಿ ಹೇಳುತ್ತೇನೆ.

ಕಬ್ಬಿನ ಹೊಲದ ಲೆಕ್ಕದಲ್ಲಿ ಹೇಳುವುದಾದರೆ

ಕಳೆನಾಶಕ ಹೊಡೆದವರಿಗೆ ಇದು ಬೇಗ ತಿಳಿಯುತ್ತದೆ. ಗ್ಲೈಫೋಸೇಟ್ ಹೊಡೆದರೆ ಹಸಿರು ಇದ್ದದ್ದೆಲ್ಲ ಒಣಗುತ್ತದೆ, ಬೆಳೆ ಯಾವುದು ಕಳೆ ಯಾವುದು ಎಂದು ಅದು ನೋಡುವುದಿಲ್ಲ. ಟೂ ಫೋರ್ ಡಿ ಹಾಗಲ್ಲ. ಅಗಲ ಎಲೆಯ ಕಳೆ ಸಾಯುತ್ತದೆ, ಕಬ್ಬು ನಿಲ್ಲುತ್ತದೆ. ಅದಕ್ಕೆ ಗುರುತು ಗೊತ್ತು.

ಹಳೆಯ ಕಿಮೊಥೆರಪಿ ಮೊದಲನೆಯದರ ಹತ್ತಿರ. ದೇಹದಲ್ಲಿ ಯಾವ ಜೀವಕೋಶ ಬೇಗ ಬೇಗ ಒಡೆದು ಬೆಳೆಯುತ್ತದೋ ಅದನ್ನು ಹೊಡೆಯುತ್ತದೆ. ಕ್ಯಾನ್ಸರ್ ಬೇಗ ಬೆಳೆಯುತ್ತದೆ, ನಿಜ. ಕೂದಲ ಬುಡ, ಬಾಯಿಯ ಒಳಪೊರೆ, ರಕ್ತ ಹುಟ್ಟುವ ಮೂಳೆಮಜ್ಜೆ ಇವೂ ಬೇಗ ಬೆಳೆಯುತ್ತವೆ. ಅದಕ್ಕೇ ಕೂದಲು ಉದುರುತ್ತದೆ, ಬಾಯಿ ಹುಣ್ಣಾಗುತ್ತದೆ, ರಕ್ತ ಕಡಿಮೆಯಾಗುತ್ತದೆ.

ಜೀನ್ ಚಿಕಿತ್ಸೆ ಮಾಡಲು ಹೊರಟಿರುವುದು ಎರಡನೆಯ ಕೆಲಸ, ಅಂದರೆ ಗುರುತು ನೋಡಿ ಹೊಡೆಯುವುದು. ಅದರಲ್ಲಿ ಇವತ್ತು ನಮ್ಮ ದೇಶದಲ್ಲಿ ನಿಜವಾಗಿ ಸಿಗುತ್ತಿರುವುದು ಕಾರ್-ಟಿ ಎಂಬ ಚಿಕಿತ್ಸೆ.

ರೋಗಿಯ ರಕ್ತವನ್ನು ಯಂತ್ರದ ಮೂಲಕ ಹಾಯಿಸಿ ಅದರೊಳಗಿನ ಟಿ ಕೋಶಗಳನ್ನು ಬೇರೆ ಮಾಡುತ್ತಾರೆ. ಇವು ನಮ್ಮ ದೇಹದ ಕಾವಲುಗಾರರು. ಪ್ರಯೋಗಾಲಯದಲ್ಲಿ, ರೋಗ ಹಬ್ಬಿಸದಂತೆ ಬದಲಿಸಿದ ಒಂದು ವೈರಸ್ಸನ್ನು ಗಾಡಿಯಂತೆ ಬಳಸಿ ಈ ಕೋಶಗಳೊಳಗೆ ಹೊಸ ಜೀನ್ ಸೇರಿಸುತ್ತಾರೆ. ಆ ಜೀನಿನಿಂದ ಟಿ ಕೋಶದ ಮೈಮೇಲೆ ಹೊಸದೊಂದು ಕೊಂಡಿ ಮೂಡುತ್ತದೆ. ಸಿಡಿ-19 ಎಂಬ ಗುರುತು ಇರುವ ಜೀವಕೋಶ ಸಿಕ್ಕರೆ ಆ ಕೊಂಡಿ ಗಟ್ಟಿಯಾಗಿ ಹಿಡಿಯುತ್ತದೆ, ಟಿ ಕೋಶ ಅದನ್ನು ಕೊಲ್ಲುತ್ತದೆ. ಕೆಲವು ರಕ್ತ ಕ್ಯಾನ್ಸರ್‌ಗಳ ಕೋಶದ ಮೇಲೆ ಈ ಗುರುತು ಇರುತ್ತದೆ. ಹೀಗೆ ತಯಾರಾದ ಕೋಶಗಳನ್ನು ಕೋಟಿಗಟ್ಟಲೆ ಬೆಳೆಸಿ, ಕೆಲವು ದಿನ ಕಿಮೊ ಕೊಟ್ಟು ದೇಹದಲ್ಲಿ ಜಾಗ ಮಾಡಿಕೊಂಡು, ಸಲೈನ್ ಹಚ್ಚಿದ ಹಾಗೆ ಮರಳಿ ಅದೇ ರೋಗಿಗೆ ಏರಿಸುತ್ತಾರೆ.

ಒಬ್ಬರಿಗೆ ಮಾಡಿದ ಈ ಔಷಧ ಇನ್ನೊಬ್ಬರಿಗೆ ನಡೆಯುವುದಿಲ್ಲ. ಪ್ರತಿ ರೋಗಿಗೂ ಹೊಸದಾಗಿ ಮಾಡಬೇಕು. ರೊಕ್ಕ ಹೆಚ್ಚಾಗಲು ಇದೊಂದು ಕಾರಣ.

ಫಿಲಡೆಲ್ಫಿಯಾದಿಂದ ಪವೈವರೆಗೆ

2012ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಎಮಿಲಿ ವೈಟ್‌ಹೆಡ್ ಎಂಬ ಆರು ವರ್ಷದ ಹುಡುಗಿಗೆ ಈ ಚಿಕಿತ್ಸೆ ಕೊಟ್ಟರು. ರಕ್ತ ಕ್ಯಾನ್ಸರ್ ಮರಳಿ ಮರಳಿ ಬಂದು ಬೇರೆ ದಾರಿ ಉಳಿದಿರಲಿಲ್ಲ. ಚಿಕಿತ್ಸೆಯ ಜ್ವರದಲ್ಲೇ ಆಕೆಯ ಜೀವ ಹೋಗುವ ಹಾಗಾಗಿತ್ತು. ಆದರೆ ಬದುಕಿದಳು, ಬೆಳೆದು ಕಾಲೇಜಿಗೂ ಹೋದಳು. 2017ರ ಆಗಸ್ಟಿನಲ್ಲಿ ಅಮೆರಿಕ ಸರ್ಕಾರ ಈ ಔಷಧಕ್ಕೆ ಅನುಮತಿ ಕೊಟ್ಟಾಗ ಇಟ್ಟ ಬೆಲೆ 4 ಲಕ್ಷ 75 ಸಾವಿರ ಡಾಲರ್. ಆಗಿನ ಲೆಕ್ಕದಲ್ಲಿ ಮೂರು ಕೋಟಿ ರೂಪಾಯಿ. ನಮ್ಮ ದೇಶದ ರೋಗಿಗೆ ಅದು ಇದ್ದೂ ಇಲ್ಲದ ಔಷಧ.

ಅದನ್ನು ಇಲ್ಲಿಯೇ ಮಾಡಬಹುದು ಎಂದು ಹೊರಟವರು ಮುಂಬೈ ಪವೈಯ ಐಐಟಿಯ ರಾಹುಲ್ ಪುರವಾರ್ ಮತ್ತು ಟಾಟಾ ಮೆಮೋರಿಯಲ್‌ನ ವೈದ್ಯರು. 2021ರ ಜೂನ್‌ನಲ್ಲಿ ಟಾಟಾ ಮೆಮೋರಿಯಲ್‌ನಲ್ಲಿ ಮೊದಲ ರೋಗಿಗೆ ಕೊಟ್ಟರು. 2023ರ ಅಕ್ಟೋಬರಿನಲ್ಲಿ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ನೆಕ್ಸ್‌ಕಾರ್-19 ಎಂಬ ಹೆಸರಿನ ಈ ಔಷಧಕ್ಕೆ ಅನುಮತಿ ಕೊಟ್ಟಿತು. 2024ರ ಏಪ್ರಿಲ್ 4ರಂದು ಐಐಟಿ ಬಾಂಬೆಯಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಅದನ್ನು ದೇಶಕ್ಕೆ ಒಪ್ಪಿಸಿದರು. ಬೆಲೆ ಹೊರದೇಶದ ಹತ್ತನೇ ಒಂದು ಪಾಲು, ಅಂದರೆ 30ರಿಂದ 40 ಲಕ್ಷ ರೂಪಾಯಿ.

ಬೆಂಗಳೂರಿನಲ್ಲೂ ಕೆಲಸ ನಡೆದಿದೆ. ಕಿರಣ್ ಮಜುಂದಾರ್ ಶಾ, ಕ್ಯಾನ್ಸರ್ ವೈದ್ಯ ಮತ್ತು ಲೇಖಕ ಸಿದ್ಧಾರ್ಥ ಮುಖರ್ಜಿ ಮೊದಲಾದವರು ಕಟ್ಟಿದ ಇಮ್ಯುನೀಲ್ ಕಂಪನಿ 2025ರ ಜನವರಿಯಲ್ಲಿ ಕಾರ್ಟೆಮಿ ಎಂಬ ಕಾರ್-ಟಿ ಔಷಧ ತಂದಿತು. ವಾಟ್ಸಾಪ್‌ನಲ್ಲಿ ತಿರುಗುವ "ಬೆಂಗಳೂರಾಗ ಬಂದೈತಂತ" ಎಂಬ ಮಾತಿನ ಹಿಂದೆ ಇಷ್ಟು ನಿಜ ಇದೆ.

ಇನ್ನುಳಿದ ಅರ್ಧ ಸುದ್ದಿ

ವಾಟ್ಸಾಪ್ ಹೇಳದ ಭಾಗ ಇದು.

ನೆಕ್ಸ್‌ಕಾರ್-19ಕ್ಕೆ ಅನುಮತಿ ಸಿಕ್ಕಿದ್ದು ಬಿ ಕೋಶದ ಲುಕೇಮಿಯಾ ಮತ್ತು ಲಿಂಫೋಮಾ ಎಂಬ ರಕ್ತದ ಹಾಗೂ ದುಗ್ಧಗ್ರಂಥಿಯ ಕ್ಯಾನ್ಸರ್‌ಗಳಿಗೆ. ಅದೂ 15 ವರ್ಷ ಮೇಲ್ಪಟ್ಟವರಿಗೆ, ಮೊದಲಿನ ಚಿಕಿತ್ಸೆ ಫಲ ಕೊಡದಿದ್ದಾಗ ಅಥವಾ ರೋಗ ಮರಳಿ ಬಂದಾಗ. ಕಾರ್ಟೆಮಿ ಕೂಡ ದೊಡ್ಡವರ ಲಿಂಫೋಮಾಕ್ಕೆ.

ನಮ್ಮ ಊರುಗಳಲ್ಲಿ ಜನರನ್ನು ಒಯ್ಯುತ್ತಿರುವ ಕ್ಯಾನ್ಸರ್ ಯಾವುದು? ದೇಶದ ಲೆಕ್ಕ ನೋಡಿದರೆ ಗಂಡಸರಲ್ಲಿ ಬಾಯಿ ಕ್ಯಾನ್ಸರ್ ಮುಂದೆ, ಹೆಂಗಸರಲ್ಲಿ ಸ್ತನ, ಆಮೇಲೆ ಗರ್ಭಕೊರಳು. ವರ್ಷಕ್ಕೆ ಸುಮಾರು 14 ಲಕ್ಷ ಹೊಸ ರೋಗಿಗಳಿರುವ ದೇಶ ಇದು. ಪಕ್ಕದ ನಿಪ್ಪಾಣಿ ತಂಬಾಕಿಗೆ ಹೆಸರಾದ ಊರು. ಗುಟ್ಕಾ ರಾಜ್ಯದಲ್ಲಿ 2013ರಲ್ಲೇ ನಿಷೇಧವಾಯಿತು. ಈಗ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಅಂತ ಬೇರೆ ಬೇರೆ ಮಾರುತ್ತಾರೆ, ತಿನ್ನುವವರು ಕೈಯಲ್ಲಿ ಕೂಡಿಸಿಕೊಳ್ಳುತ್ತಾರೆ.

ಬಾಯಿ, ಸ್ತನ, ಗರ್ಭಕೊರಳು ಇವು ಗಡ್ಡೆ ಕಟ್ಟುವ ಕ್ಯಾನ್ಸರ್. ಇವುಗಳ ಮುಂದೆ ಕಾರ್-ಟಿ ಇನ್ನೂ ಗೆದ್ದಿಲ್ಲ. ಕಾರಣ ಮತ್ತೆ ಹೊಲದಲ್ಲೇ ಇದೆ. ಕಬ್ಬಿನಲ್ಲಿ ಹುಲ್ಲಿನ ಜಾತಿಯ ಕಳೆ ಬೆಳೆದರೆ ಟೂ ಫೋರ್ ಡಿ ಏನೂ ಮಾಡುವುದಿಲ್ಲ, ಏಕೆಂದರೆ ಕಬ್ಬೂ ಹುಲ್ಲಿನ ಜಾತಿಯೇ. ಗಡ್ಡೆಯ ಮೇಲೆ ಇರುವ ಗುರುತು ಬಹಳ ಸಲ ಒಳ್ಳೆಯ ಅಂಗಗಳ ಮೇಲೂ ಇರುತ್ತದೆ. ಒಂದೇ ಗಡ್ಡೆಯೊಳಗೆ ಎಲ್ಲ ಕೋಶಕ್ಕೂ ಒಂದೇ ಗುರುತು ಇರುವುದಿಲ್ಲ. ಗಡ್ಡೆಯ ಒಳಗೆ ಟಿ ಕೋಶ ನುಗ್ಗುವುದೂ ಕಷ್ಟ, ನುಗ್ಗಿದರೂ ಅಲ್ಲಿ ಅದು ಸುಸ್ತಾಗುತ್ತದೆ.

ಬೇರೆ ದಾರಿಗಳೂ ಇವೆ. ತಲೆ ಮತ್ತು ಕುತ್ತಿಗೆ ಭಾಗದ ಕ್ಯಾನ್ಸರ್‌ಗೆ, ವೈರಸ್ ಮೂಲಕ ಪಿ-53 ಎಂಬ ಜೀನನ್ನು ಗಡ್ಡೆಗೆ ಕಳಿಸುವ ಔಷಧಕ್ಕೆ 2003ರಲ್ಲೇ ಚೀನಾ ಅನುಮತಿ ಕೊಟ್ಟಿತ್ತು. ಇಪ್ಪತ್ತು ವರ್ಷ ದಾಟಿದರೂ ಅಮೆರಿಕ, ಯುರೋಪ್ ಅದನ್ನು ಒಪ್ಪಿಲ್ಲ. ಚರ್ಮದ ಒಂದು ಕ್ಯಾನ್ಸರ್‌ಗೆ, ಬದಲಿಸಿದ ಹರ್ಪಿಸ್ ವೈರಸ್ಸನ್ನೇ ಗಡ್ಡೆಗೆ ಚುಚ್ಚುವ ಔಷಧವನ್ನು ಅಮೆರಿಕ 2015ರಲ್ಲಿ ಒಪ್ಪಿತು. ಮೂತ್ರಕೋಶದ ಕ್ಯಾನ್ಸರ್‌ಗೆ ಒಂದು ಜೀನ್ ಔಷಧ 2022ರಲ್ಲಿ ಬಂತು. ದಾರಿ ಸಾಗುತ್ತಿದೆ. ಆದರೆ ಇವತ್ತು ಯಾರಾದರೂ "ಬಾಯಿ ಕ್ಯಾನ್ಸರ್‌ಗೆ ಜೀನ್ ಥೆರಪಿ ಮಾಡಿ ಪೂರಾ ಗುಣ ಮಾಡತೀವಿ, ಇಷ್ಟು ಲಕ್ಷ ಕಟ್ಟಿ" ಅಂದರೆ, ಅಲ್ಲಿಂದ ಎದ್ದು ಬರುವುದೇ ಲೇಸು.

ಗುರುತು ನೋಡಿ ಹೊಡೆದರೂ ಪೆಟ್ಟು ತಪ್ಪುವುದಿಲ್ಲ

ಟೂ ಫೋರ್ ಡಿ ಹೊಡೆಯುವಾಗ ಗಾಳಿ ಬೀಸಿದರೆ ಪಕ್ಕದ ಹೊಲದ ಹತ್ತಿ ಮುರುಟಿ ಹೋಗುತ್ತದೆ. ಕಾರ್-ಟಿಯಲ್ಲೂ ಇಂಥದ್ದಿದೆ. ಸಿಡಿ-19 ಗುರುತು ಕ್ಯಾನ್ಸರ್ ಕೋಶದ ಮೇಲಷ್ಟೇ ಅಲ್ಲ, ಒಳ್ಳೆಯ ಬಿ ಕೋಶದ ಮೇಲೂ ಇದೆ. ಅವೂ ಸಾಯುತ್ತವೆ. ಆಮೇಲೆ ರೋಗಿಗೆ ಬೇಗ ಸೋಂಕು ತಗಲುತ್ತದೆ. ಟಿ ಕೋಶಗಳ ಕಾಳಗ ಜೋರಾದಾಗ ಭಾರಿ ಜ್ವರ ಬರುತ್ತದೆ, ರಕ್ತದೊತ್ತಡ ಕುಸಿಯುತ್ತದೆ, ಕೆಲವರಿಗೆ ಮಾತು ತಡವರಿಸಿ ಪ್ರಜ್ಞೆ ಮಸುಕಾಗುತ್ತದೆ. ಇದಕ್ಕೆ ಔಷಧ ಇದೆ, ಆದರೆ ಐಸಿಯು ಇರುವ ದೊಡ್ಡ ಆಸ್ಪತ್ರೆಯೇ ಬೇಕು.

ಫಲ ಎಷ್ಟು? ನೆಕ್ಸ್‌ಕಾರ್-19ರ ಪ್ರಯೋಗದ ಫಲಿತಾಂಶ 2025ರಲ್ಲಿ ಲ್ಯಾನ್ಸೆಟ್ ಹೆಮಟಾಲಜಿ ಪತ್ರಿಕೆಯಲ್ಲಿ ಬಂತು. ನೂರಕ್ಕೆ ಸುಮಾರು 73 ಮಂದಿಯಲ್ಲಿ ರೋಗ ಇಳಿಯಿತು. ಬೇರೆ ದಾರಿ ಮುಗಿದಿದ್ದ ರೋಗಿಗಳಲ್ಲಿ ಇದು ದೊಡ್ಡ ಸಂಖ್ಯೆ. ಆದರೆ "ಇಳಿಯಿತು" ಎಂದರೆ "ಹೋಯಿತು" ಎಂದಲ್ಲ. ಕೆಲವರಿಗೆ ಮರಳಿ ಬರುತ್ತದೆ. "ಒಂದ ಸಲ ಕೊಟ್ರ ಮುಗೀತು" ಎಂಬ ಮಾತು ಕೆಲವರ ಪಾಲಿಗಷ್ಟೇ ನಿಜ.

ಇಲ್ಲಿ ಚಿಕ್ಕ ಮಕ್ಕಳ ತಂದೆ-ತಾಯಂದಿರಿಗೆ ಒಂದು ಮಾತು. ಮಕ್ಕಳಲ್ಲಿ ಹೆಚ್ಚು ಕಾಣುವ ರಕ್ತ ಕ್ಯಾನ್ಸರ್ ಹಳೆಯ ಕಿಮೊದಿಂದಲೇ ಬಹಳಷ್ಟು ಮಕ್ಕಳಿಗೆ ಗುಣವಾಗುತ್ತದೆ. ಎರಡು-ಮೂರು ವರ್ಷ ಬಿಡದೆ ನಡೆಸಬೇಕು, ಅಷ್ಟೇ. ಓಡಾಟ, ಬಾಡಿಗೆ ಕೋಣೆ, ತಪ್ಪಿದ ಕೂಲಿ ಇವುಗಳಿಂದ ಬೇಸತ್ತು, ಮಗು ಆಟ ಆಡತೊಡಗಿದ ಕೂಡಲೇ ನಡುವೆ ನಿಲ್ಲಿಸುವವರು ಇದ್ದಾರೆ. ಹೊಸ ಔಷಧಕ್ಕೆ ಕಾಯುತ್ತಾ ಇರುವ ಔಷಧ ಬಿಡಬೇಡಿ.

23 ಎಕರೆ ಕಬ್ಬು

ಈಗ ರೊಕ್ಕದ ಮಾತು. 2025ರ ನವೆಂಬರಿನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ದಿನಗಟ್ಟಲೆ ಕೂತರು, ಹೋರಾಟ ಸುತ್ತಲಿನ ಜಿಲ್ಲೆಗಳಿಗೂ ಹಬ್ಬಿತು. ಕೊನೆಗೆ ಸರ್ಕಾರ ಟನ್ ಕಬ್ಬಿಗೆ 3,300 ರೂಪಾಯಿ ಎಂದು ಘೋಷಿಸಿತು. ಆ ದರ ಹಿಡಿದೇ ಲೆಕ್ಕ ಹಾಕೋಣ. 30 ಲಕ್ಷ ರೂಪಾಯಿ ಅಂದರೆ ಸುಮಾರು 909 ಟನ್. ಎಕರೆಗೆ 40 ಟನ್ ಬಂತು ಅಂದರೂ 23 ಎಕರೆಯ ಒಂದು ವರ್ಷದ ಬೆಳೆ. ಗೊಬ್ಬರ, ನೀರು, ಕಟಾವು, ಸೊಸೈಟಿ ಸಾಲ ಏನನ್ನೂ ಕಳೆಯದೆ. ಎರಡು-ಮೂರು ಎಕರೆಯ ಮನೆಗೆ ಇದು ಒಂದು ಜೀವಮಾನದ ಲೆಕ್ಕ.

ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ಮಿತಿ. ಯಶಸ್ವಿನಿಯ ಮಿತಿಯೂ 5 ಲಕ್ಷ. 30 ಲಕ್ಷದ ಬಿಲ್ಲಿನ ಮುಂದೆ ಇದು ಆರನೇ ಒಂದು ಪಾಲು. ಉಳಿದದ್ದು ಹೊಲದಿಂದ, ಬಂಗಾರದಿಂದ, ಇಲ್ಲವೇ ಮೊಬೈಲ್‌ನಲ್ಲಿ ಚಂದಾ ಕೇಳುವ ಕ್ಯೂಆರ್ ಕೋಡಿನಿಂದ.

ಇದು ಸರಿಯಲ್ಲ ಎಂದು ನಾನು ಹೇಳುವುದು ಕನಿಕರದಿಂದಲ್ಲ, ಲೆಕ್ಕದಿಂದ. ಐಐಟಿ ಬಾಂಬೆ ಸರ್ಕಾರದ ಸಂಸ್ಥೆ. ಟಾಟಾ ಮೆಮೋರಿಯಲ್ ಕೇಂದ್ರದ ಅಣುಶಕ್ತಿ ಇಲಾಖೆಯ ಕೆಳಗಿರುವ ಸಂಸ್ಥೆ. ಸಂಶೋಧನೆಗೆ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ ನೆರವು ಸಿಕ್ಕಿತ್ತು. ಅಂದರೆ ಈ ಔಷಧದ ಬೀಜ ನಮ್ಮ ತೆರಿಗೆಯಿಂದ ಬಿತ್ತಿದ್ದು. ನಾವು ಡೀಸೆಲ್ ಕೊಂಡಾಗ, ಸೋಪು ಕೊಂಡಾಗ ಕಟ್ಟಿದ ರೊಕ್ಕ ಅದರಲ್ಲಿದೆ. ಬಿತ್ತಲು ಎಲ್ಲರೂ, ಕೊಯ್ಯಲು ಉಳ್ಳವರು ಮಾತ್ರ ಅಂದರೆ ಯಾವ ನ್ಯಾಯ?

"ಅಷ್ಟು ರೊಕ್ಕದಲ್ಲಿ ಸಾವಿರ ಜನರ ಬಾಯಿ ನೋಡಬಹುದು"

ಈ ತಕರಾರು ಬರುತ್ತದೆ, ಮತ್ತು ಇದು ತೂಕದ ತಕರಾರು. ಒಬ್ಬರ ಕಾರ್-ಟಿಗೆ ಹೋಗುವ 30 ಲಕ್ಷದಲ್ಲಿ ಹಳ್ಳಿ ಹಳ್ಳಿಗೆ ಹೋಗಿ ಬಾಯಿ, ಸ್ತನ, ಗರ್ಭಕೊರಳು ತಪಾಸಣೆ ಮಾಡಿದರೆ ಹೆಚ್ಚು ಜೀವ ಉಳಿಯುತ್ತವೆ. ಮೊದಲ ರೂಪಾಯಿ ಎಲ್ಲಿ ಹಾಕಬೇಕು ಎಂದು ಕೇಳಿದರೆ ನಾನೂ ತಪಾಸಣೆಗೇ ಎನ್ನುತ್ತೇನೆ. ಬಾಯಿಯೊಳಗೆ ವಾಸಿಯಾಗದ ಬಿಳಿ ಕಲೆಯನ್ನು ಬೇಗ ಹಿಡಿದರೆ ಸಣ್ಣ ಆಪರೇಷನ್‌ನಲ್ಲಿ ಮುಗಿಯುತ್ತದೆ. ಅದೇ ಕಲೆ ದವಡೆಗೆ ಇಳಿದ ಮೇಲೆ ಯಾವ ಜೀನ್ ಚಿಕಿತ್ಸೆಯೂ ಕೈಹಿಡಿಯುವುದಿಲ್ಲ.

ಆದರೆ ಲುಕೇಮಿಯಾ, ಲಿಂಫೋಮಾ ತಂಬಾಕು ಬಿಟ್ಟರೆ ನಿಲ್ಲುವ ರೋಗವಲ್ಲ, ಬಾಯಿ ತೆರೆದು ನೋಡಿದರೆ ಸಿಗುವ ರೋಗವೂ ಅಲ್ಲ. ಯಾವ ತಪ್ಪೂ ಮಾಡದ ಇಪ್ಪತ್ತರ ಹುಡುಗನಿಗೂ ಬರುತ್ತದೆ. ಕಿಮೊ ಸೋತ ಮೇಲೆ ಅವನ ಮನೆಯವರಿಗೆ "ನಿಮ್ಮ ರೊಕ್ಕದಲ್ಲಿ ಊರವರ ಬಾಯಿ ನೋಡುತ್ತಿದ್ದೇವೆ" ಅನ್ನಲು ಬರುವುದಿಲ್ಲ. ಇಂಥ ರೋಗಿಗಳು ಸಾವಿರಗಟ್ಟಲೆ ಹಳ್ಳಿಗಳಲ್ಲಿ ಚದುರಿರುವ ಕೆಲವೇ ಜನ. ಖರ್ಚು ದೊಡ್ಡದು, ತಲೆ ಎಣಿಕೆ ಚಿಕ್ಕದು. ಎಲ್ಲರೂ ಸೇರಿ ಹೊರಬೇಕಾದ ಹೊರೆ ಅಂದರೆ ಇದೇ.

ಇನ್ನೊಂದು, ಬೆಲೆ ಕಲ್ಲಿನ ಮೇಲೆ ಕೊರೆದದ್ದಲ್ಲ. ಬೆಳಗಾವಿ ಜಿಲ್ಲೆಯವರು ಎಚ್‌ಐವಿಯನ್ನು ಹತ್ತಿರದಿಂದ ಕಂಡವರು. ಒಂದು ಕಾಲಕ್ಕೆ ಅದರ ಔಷಧ ವರ್ಷಕ್ಕೆ ಲಕ್ಷಗಟ್ಟಲೆ. 2001ರಲ್ಲಿ ನಮ್ಮದೇ ದೇಶದ ಸಿಪ್ಲಾ ಕಂಪನಿ ದಿನಕ್ಕೆ ಒಂದು ಡಾಲರಿಗೆ ಕೊಡುತ್ತೇನೆ ಎಂದಿತು. 2004ರಿಂದ ಸರ್ಕಾರ ಅದನ್ನು ಉಚಿತವಾಗಿ ಹಂಚತೊಡಗಿತು. "ಬಡವರಿಗಲ್ಲ" ಅನ್ನಿಸಿಕೊಂಡಿದ್ದ ಔಷಧವನ್ನು ಇವತ್ತು ನಮ್ಮ ಜನ ಎಆರ್‌ಟಿ ಕೇಂದ್ರದಲ್ಲಿ ರೊಕ್ಕ ಕೊಡದೆ ತರುತ್ತಾರೆ. ಕಾರ್-ಟಿ ಮಾತ್ರೆಯಷ್ಟು ಅಗ್ಗ ಆಗಲಾರದು, ಒಬ್ಬೊಬ್ಬರಿಗೂ ಬೇರೆ ಬೇರೆ ಮಾಡಬೇಕಲ್ಲ. ಆದರೆ ಸರ್ಕಾರವೇ ಒಟ್ಟಿಗೆ ದರ ಮಾತಾಡಿದರೆ, ಕಿದ್ವಾಯಿಯಂಥ ಸರ್ಕಾರಿ ಆಸ್ಪತ್ರೆಗಳಲ್ಲೇ ತಯಾರಿ ನಡೆದರೆ ಇಂದಿನ ಬೆಲೆ ಉಳಿಯುವುದಿಲ್ಲ.

ಕೇಳಬೇಕಾದದ್ದು ಏನು

ಹುಕ್ಕೇರಿ ತಾಲೂಕಿನವರಿಗೆ ಕೂಡಿ ಹೊರುವ ಪಾಠ ಹೊಸದಲ್ಲ. 1969ರಲ್ಲಿ ಹುಟ್ಟಿದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಮನೆಮನೆಗೆ ಕರೆಂಟ್ ಕೊಟ್ಟದ್ದು ಸದಸ್ಯರ ಪಾಲಿನಿಂದ. ಸೊಸೈಟಿ ಸದಸ್ಯರ ಸಣ್ಣ ಕಂತಿನಿಂದ ದೊಡ್ಡ ಆಪರೇಷನ್ ಮಾಡಿಸಿದ ಯಶಸ್ವಿನಿ 2003ರಲ್ಲಿ ಇದೇ ರಾಜ್ಯದಲ್ಲಿ ಶುರುವಾದದ್ದು. ಆದ್ದರಿಂದ ನಮ್ಮ ಶಾಸಕರು, ಸಂಸದರು ಊರಿಗೆ ಬಂದಾಗ ಕೇಳೋಣ:

ಒಂದು, ಕಾರ್-ಟಿಯಂಥ ಚಿಕಿತ್ಸೆಗೆ 5 ಲಕ್ಷದ ಮಿತಿಯ ಹೊರಗೆ ಪೂರ್ತಿ ಖರ್ಚಿನ ನಿಧಿ ಬೇಕು. ಯಾರಿಗೆ ಸಿಗುತ್ತದೆ, ಅರ್ಜಿ ಎಲ್ಲಿ ಎಂಬುದು ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಕನ್ನಡದಲ್ಲಿ ಇರಬೇಕು.

ಎರಡು, ಮನೆಮನೆ ತಪಾಸಣೆಯ ಗೃಹ ಆರೋಗ್ಯ ಯೋಜನೆ ನಮ್ಮ ಹಳ್ಳಿಗಳಲ್ಲಿ ಬಿಪಿ-ಶುಗರ್ ನೋಡುವುದಕ್ಕೆ ನಿಲ್ಲದೆ ಬಾಯಿ, ಸ್ತನ, ಗರ್ಭಕೊರಳು ತಪಾಸಣೆಯನ್ನೂ ಪೂರ್ತಿ ಮಾಡಬೇಕು.

ಮೂರು, ಕಿಮೊಗೆ ತಿಂಗಳು ತಿಂಗಳು ಮೀರಜ್, ಹುಬ್ಬಳ್ಳಿ, ಬೆಂಗಳೂರು ಸುತ್ತುವುದು ತಪ್ಪಬೇಕು. ರಾಜ್ಯದ ಹಲವು ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕಿಮೊ ಕೇಂದ್ರಗಳು ಶುರುವಾಗಿವೆ. ಆ ಸೌಲಭ್ಯ ತಾಲೂಕು ಆಸ್ಪತ್ರೆಗೂ ಇಳಿಯಬೇಕು. 2025ರ ಜನವರಿ 3ರಂದು ಬೆಳಗಾವಿಯಲ್ಲಿ ಕೆಎಲ್ಇ ಕ್ಯಾನ್ಸರ್ ಆಸ್ಪತ್ರೆ ಉದ್ಘಾಟಿಸಿದವರೂ ಅದೇ ರಾಷ್ಟ್ರಪತಿ ಮುರ್ಮು. ಆಸ್ಪತ್ರೆ ಹತ್ತಿರ ಬಂದಿದೆ, ಬಡವರ ಕಾರ್ಡೂ ಅಲ್ಲಿ ಯಾವ ಚಿಕಿತ್ಸೆಗೆ ನಡೆಯುತ್ತದೆ ಎಂಬುದು ಊರಿಗೆ ಗೊತ್ತಾಗಬೇಕು.

ರೊಕ್ಕ ಕಟ್ಟುವ ಮುಂಚೆ ಐದು ಪ್ರಶ್ನೆ

ಸರ್ಕಾರ ಮಾಡುವವರೆಗೆ ರೋಗ ಕಾಯುವುದಿಲ್ಲ. ಯಾರಾದರೂ "ಜೀನ್", "ಸೆಲ್", "ಇಮ್ಯುನೋ" ಅಂತ ದೊಡ್ಡ ಹೆಸರು ಹೇಳಿ ದೊಡ್ಡ ಮೊತ್ತ ಕೇಳಿದರೆ ಇಷ್ಟು ಕೇಳಿ:

1. ಬಯಾಪ್ಸಿ ವರದಿಯಲ್ಲಿ ಬರೆದ ಕ್ಯಾನ್ಸರ್‌ನ ಪೂರ್ತಿ ಹೆಸರೇನು? ಈ ಔಷಧಕ್ಕೆ ಅದೇ ಕ್ಯಾನ್ಸರ್‌ಗೆ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯ ಅನುಮತಿ ಇದೆಯೇ?

2. ಇದು ಪ್ರಯೋಗವೇ? ಹಾಗಿದ್ದರೆ ಸಿಟಿಆರ್‌ಐ ನೋಂದಣಿ ಸಂಖ್ಯೆ ಕೊಡಿ. 2009ರಿಂದ ದೇಶದಲ್ಲಿ ಔಷಧ ಪ್ರಯೋಗಗಳ ನೋಂದಣಿ ಕಡ್ಡಾಯ. ಸಂಖ್ಯೆ ಕೊಡದವರ ಹತ್ತಿರ ಮುಂದಿನ ಮಾತು ಬೇಡ.

3. ಹಳೆಯ ಚಿಕಿತ್ಸೆಯಲ್ಲಿ ಇನ್ನೂ ಮಾಡಬಹುದಾದದ್ದು ಏನಾದರೂ ಉಳಿದಿದೆಯೇ?

4. ಔಷಧದ ಬೆಲೆ ಬಿಟ್ಟು ಐಸಿಯು, ಪರೀಕ್ಷೆ, ಆಮೇಲಿನ ಸೋಂಕಿನ ಚಿಕಿತ್ಸೆ ಎಲ್ಲ ಸೇರಿ ಎಷ್ಟು? ಬರೆದು ಕೊಡುತ್ತೀರಾ?

5. ಎಷ್ಟು ಜನರಲ್ಲಿ ಎಷ್ಟು ಜನರಿಗೆ ಫಲ ಕೊಟ್ಟಿದೆ, ಎಷ್ಟು ದಿನ ಉಳಿದಿದೆ?

ಇದೇ ಕಾಗದ ಹಿಡಿದು ಕಿದ್ವಾಯಿಗೋ, ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ, ಟಾಟಾಕ್ಕೋ ಹೋಗಿ ಎರಡನೇ ಅಭಿಪ್ರಾಯ ಪಡೆಯಿರಿ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಟಿಕೆಟ್ ದರದ ಪೂರ್ತಿ ರಿಯಾಯಿತಿ ಇದೆ, ಜೊತೆಗೆ ಹೋಗುವ ಒಬ್ಬರಿಗೆ ಮುಕ್ಕಾಲು ಪಾಲು. ಆಸ್ಪತ್ರೆಯಿಂದ ಅದರ ಫಾರ್ಮ್ ಬರೆಸಿಕೊಂಡು ಘಟಪ್ರಭಾ ಸ್ಟೇಷನ್ನಿನಲ್ಲಿ ಕೇಳಿ. ಎರಡನೇ ಅಭಿಪ್ರಾಯಕ್ಕೆ ಒಂದು ರಾತ್ರಿಯ ಪ್ರಯಾಣ ಸಾಕು, ಮಾರಿದ ಹೊಲ ಒಂದು ಜನ್ಮಕ್ಕೂ ಮರಳುವುದಿಲ್ಲ.

ಗುರ್ಲಾಪುರದಲ್ಲಿ ಟನ್ನಿಗೆ ಇಷ್ಟು ಬೇಕೇ ಬೇಕು ಎಂದು ಕೂತ ಜನ ನಾವು. ಕಬ್ಬಿನ ದರ ಕೇಳಿದ ಗಂಟಲಿಗೆ ಔಷಧದ ದರ ಕೇಳುವ ಶಕ್ತಿಯೂ ಇದೆ. ಈ ಬರಹವನ್ನು ಮುಂದೆ ಕಳಿಸುವುದಾದರೆ "ಹೊಸಾ ಔಷಧ ಬಂದೈತಂತ" ಎಂಬ ಸುದ್ದಿ ಬಂದ ಅದೇ ಗ್ರೂಪಿಗೆ ಕಳಿಸಿ. ಐದು ಪ್ರಶ್ನೆಗಳನ್ನು ಮಾತ್ರ ಕತ್ತರಿಸಿ ಕಳಿಸಿದರೂ ನಮಗೆ ಅಭ್ಯಂತರವಿಲ್ಲ.